ಸೈಬರ್ ತರಬೇತಿ ಲ್ಯಾಬ್‌ಗೆ ಕಂಟೇನರ್ ಟೆಂಪ್ಲೇಟ್ ಕಟ್ಟುವುದು ಹೇಗೆ

ಸೈಬರ್ ಭದ್ರತೆ ಬರೀ ಓದಿ ಬರುವ ವಿದ್ಯೆ ಅಲ್ಲ. ಎಸ್‌ಕ್ಯೂಎಲ್ ಇಂಜೆಕ್ಷನ್ ಬಗ್ಗೆ, ಅಂದರೆ ಇನ್‌ಪುಟ್ ಪೆಟ್ಟಿಗೆಯ ಮೂಲಕ ಡೇಟಾಬೇಸ್‌ಗೆ ನಮ್ಮ ಆದೇಶ ನುಗ್ಗಿಸುವ ದಾಳಿಯ ಬಗ್ಗೆ, ಹತ್ತು ಪುಟ ಓದಿರಬಹುದು. ಆದರೆ ಲಾಗಿನ್ ಪೆಟ್ಟಿಗೆಯಲ್ಲಿ ಒಂದೇ ಒಂದು ಕೋಟ್ ಚಿಹ್ನೆ ಹಾಕಿ, ಸರ್ವರ್ ತಡವರಿಸುವುದನ್ನು ಕಣ್ಣಾರೆ ನೋಡಿದಾಗಲೇ ಅದು ತಲೆಗೆ ಹತ್ತುವುದು. ಹಾಗಂತ ಬೇರೆಯವರ ಸರ್ವರ್ ಮೇಲೆ ಕೈ ಹಾಕುವ ಹಾಗಿಲ್ಲ. ಅನುಮತಿ ಇಲ್ಲದೆ ಮಾಡಿದರೆ ಅದು ಅಪರಾಧ. ಅದಕ್ಕೇ ತರಬೇತಿ ಕೊಡುವವರು ತಮ್ಮದೇ ಲ್ಯಾಬ್ ಕಟ್ಟಿಕೊಳ್ಳುತ್ತಾರೆ. ಬೇಕಂತಲೇ ದುರ್ಬಲವಾಗಿ ಬರೆದ ಆ್ಯಪ್‌ಗಳನ್ನು ಅಲ್ಲಿ ಓಡಿಸಿ ಕಲಿಯುವವರ ಕೈಗೆ ಕೊಡುತ್ತಾರೆ.

ಇಂಥ ಆ್ಯಪ್‌ಗಳಿಗೆ ಕೊರತೆ ಇಲ್ಲ. ಓವಾಸ್ಪ್ ಸಂಸ್ಥೆಯ ಜ್ಯೂಸ್ ಶಾಪ್, ವೆಬ್‌ಗೋಟ್, ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಡಿವಿಡಬ್ಲ್ಯುಎ ಎಲ್ಲವೂ ಉಚಿತವಾಗಿ ಸಿಗುತ್ತವೆ. ಒಂದು ಪ್ರತಿಯನ್ನು ಲ್ಯಾಪ್‌ಟಾಪ್‌ನಲ್ಲಿ ಓಡಿಸಲು ಒಂದೆರಡು ಕಮಾಂಡ್ ಸಾಕು. ಕಷ್ಟ ಶುರುವಾಗುವುದು ಅದನ್ನು 40 ಜನರ ಕ್ಲಾಸ್‌ಗೆ ಕೊಡಬೇಕಾದಾಗ. ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ಬೇಕು. ಒಬ್ಬರು ಡೇಟಾಬೇಸ್ ಅಳಿಸಿಬಿಟ್ಟರೆ ಪಕ್ಕದವರ ಅಭ್ಯಾಸ ನಿಲ್ಲಬಾರದು. ಕೆಟ್ಟುಹೋದದ್ದನ್ನು ತಟ್ಟನೆ ಮೊದಲಿನ ಸ್ಥಿತಿಗೆ ತರಲು ಆಗಬೇಕು. ಮುಂದಿನ ವರ್ಷವೂ ಅದೇ ಪಾಠ ಅದೇ ರೀತಿ ನಡೆಯಬೇಕು. ಇದನ್ನೆಲ್ಲ ಕೈಯಲ್ಲೇ ಮಾಡುತ್ತಾ ಕೂತರೆ ಪಾಠ ಮಾಡಲು ಸಮಯವೇ ಉಳಿಯುವುದಿಲ್ಲ.

ಹಾಗಾಗಿ ಟೆಂಪ್ಲೇಟ್ ಬೇಕಾಗುತ್ತದೆ. ಅದೊಂದು ಅಚ್ಚು. ಅಚ್ಚನ್ನು ಒಮ್ಮೆ ಸರಿಯಾಗಿ ಕೆತ್ತಿದರೆ ಎಷ್ಟು ಬೇಕಾದರೂ ಎರಕ ತೆಗೆಯಬಹುದು. ಕಂಟೇನರ್ ಅಂದರೆ ಆ್ಯಪ್ ಅನ್ನು ಉಳಿದವುಗಳಿಂದ ಬೇರ್ಪಡಿಸಿ ಓಡಿಸುವ ಆವರಣ, ಡಾಕರ್ ಅಂದರೆ ಅದನ್ನು ಕಟ್ಟಿ ಓಡಿಸುವ ಸಾಫ್ಟ್‌ವೇರ್. ಕಂಟೇನರ್ ಟೆಂಪ್ಲೇಟ್‌ನಲ್ಲಿ ಸಾಮಾನ್ಯವಾಗಿ ಮೂರು ಭಾಗ ಇರುತ್ತವೆ. ಮೊದಲನೆಯದು ಡಾಕರ್‌ಫೈಲ್. ಯಾವ ಬೇಸ್ ಇಮೇಜ್ (ಕಂಟೇನರ್‌ಗೆ ಅಡಿಪಾಯವಾಗುವ ಫೈಲ್‌ಗಳ ಕಟ್ಟು), ಯಾವ ಪ್ಯಾಕೇಜ್, ಯಾವ ಫೈಲ್ ಎಲ್ಲಿಗೆ ಅಂತ ಅದರಲ್ಲಿ ಬರೆದಿರುತ್ತದೆ. ಎರಡನೆಯದು ಕಂಪೋಸ್ ಫೈಲ್. ವೆಬ್ ಆ್ಯಪ್, ಡೇಟಾಬೇಸ್, ದಾಳಿಗೆ ಬಳಸುವ ಯಂತ್ರ, ಇವೆಲ್ಲ ಒಂದಕ್ಕೊಂದು ಹೇಗೆ ಸೇರುತ್ತವೆ ಅಂತ ಅದು ಹೇಳುತ್ತದೆ. ಮೂರನೆಯದು ಖಾಲಿ ಬಿಟ್ಟ ಜಾಗಗಳು: ತಂಡದ ಸಂಖ್ಯೆ, ಪೋರ್ಟ್, ಮೆಮೊರಿ ಮಿತಿ, ಫ್ಲ್ಯಾಗ್. ಫ್ಲ್ಯಾಗ್ ಅಂದರೆ ಅಭ್ಯಾಸ ಗೆದ್ದಿದ್ದಕ್ಕೆ ಸಾಕ್ಷಿಯಾಗಿ ಕಲಿಯುವವರು ಹುಡುಕಿ ತರಬೇಕಾದ ಗುಟ್ಟಿನ ಅಕ್ಷರಮಾಲೆ.

ಇಷ್ಟು ಓದಿದರೆ ಇದೂ ಮಾಮೂಲಿ ಡಿಪ್ಲಾಯ್‌ಮೆಂಟ್ ತರಹವೇ ಇದೆಯಲ್ಲ ಅನ್ನಿಸಬಹುದು. ಹಾಗಲ್ಲ. ಮಾಮೂಲಿ ಆ್ಯಪ್‌ನಲ್ಲಿ ಎಲ್ಲ ತೂತುಗಳನ್ನೂ ಮುಚ್ಚಲು ನೋಡುತ್ತೇವೆ, ಯಾರೂ ಒಳಗೆ ಬರಲಾರರು ಅಂದುಕೊಳ್ಳುತ್ತೇವೆ. ಇಲ್ಲಿ ಒಂದು ತೂತನ್ನು ನಾವೇ ತೆರೆದಿಟ್ಟು, ಒಳಗೆ ಬನ್ನಿ ಅಂತ ಕರೆಯುತ್ತಿದ್ದೇವೆ. ಕಂಟೇನರ್ ಒಳಗೆ ಕಲಿಯುವವರಿಗೆ ಶೆಲ್, ಅಂದರೆ ಕಮಾಂಡ್ ಕೊಡುವ ಕಿಂಡಿ, ಸಿಗುವುದು ಅನಾಹುತ ಅಲ್ಲ, ಅದೇ ಪಾಠ. ಆದ್ದರಿಂದ ಆ ಒಂದು ತೂತನ್ನು ಬಿಟ್ಟು ಉಳಿದದ್ದೆಲ್ಲ ಮಾಮೂಲಿಗಿಂತ ಜಾಸ್ತಿ ಬಿಗಿಯಾಗಿರಬೇಕು. ಟೆಂಪ್ಲೇಟ್ ಬರೆಯುವವರು ಪ್ರತಿ ಸಾಲಿನಲ್ಲೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ಸಾಲಿನಿಂದ ನಾನು ಕಲಿಸಬೇಕೆಂದಿರುವ ದೌರ್ಬಲ್ಯ ಹಾಗೇ ಉಳಿಯುತ್ತದಾ? ಇದರಿಂದ ನಾನು ಕಲಿಸಬೇಕೆಂದಿಲ್ಲದ ಇನ್ನೊಂದು ದಾರಿ ತೆರೆದುಕೊಳ್ಳುತ್ತದಾ?

ಕರ್ನಲ್ ಎಲ್ಲರಿಗೂ ಒಂದೇ

ಮುಂದೆ ಹೋಗುವ ಮೊದಲು ಕಂಟೇನರ್ ಅಂದರೆ ಏನು ಅನ್ನುವುದು ಸ್ಪಷ್ಟವಾಗಬೇಕು. ಅದು ಪುಟ್ಟ ಕಂಪ್ಯೂಟರ್ ಅಲ್ಲ. ಹೋಸ್ಟ್ ಯಂತ್ರದ ಮೇಲೆ ಓಡುತ್ತಿರುವ ಒಂದು ಸಾಧಾರಣ ಪ್ರೋಸೆಸ್, ಅಷ್ಟೇ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್ ಆ ಪ್ರೋಸೆಸ್‌ನ ಕಣ್ಣಿಗೆ ಪಟ್ಟಿ ಕಟ್ಟಿರುತ್ತದೆ. ನೇಮ್‌ಸ್ಪೇಸ್ ಅನ್ನುವ ಸೌಲಭ್ಯ ಅದಕ್ಕೆ ಬೇರೆ ಪ್ರೋಸೆಸ್‌ಗಳನ್ನು, ಬೇರೆ ನೆಟ್‌ವರ್ಕ್ ಕಾರ್ಡ್‌ಗಳನ್ನು, ಹೋಸ್ಟ್‌ನ ಫೈಲ್‌ಗಳನ್ನು ತೋರಿಸುವುದಿಲ್ಲ. ಸಿಗ್ರೂಪ್ ಅನ್ನುವ ಸೌಲಭ್ಯ ಎಷ್ಟು ಮೆಮೊರಿ, ಎಷ್ಟು ಸಿಪಿಯು ಬಳಸಬಹುದು ಅಂತ ಮಿತಿ ಹಾಕುತ್ತದೆ. 2013ರ ಮಾರ್ಚ್‌ನಲ್ಲಿ ಡಾಕರ್ ಬಂದಾಗ ಇವೆರಡೂ ಕರ್ನಲ್‌ನಲ್ಲಿ ಆಗಲೇ ಇದ್ದವು. ಡಾಕರ್ ಅವನ್ನು ಬಳಸುವುದನ್ನು ಸುಲಭ ಮಾಡಿತು.

ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಪೂರ್ತಿ ಕಂಪ್ಯೂಟರ್ ಅನ್ನಬಹುದಾದ ವರ್ಚುವಲ್ ಮಷೀನ್‌ಗೆ ತನ್ನದೇ ಕರ್ನಲ್ ಇರುತ್ತದೆ. ಕಂಟೇನರ್‌ಗೆ ಇರುವುದಿಲ್ಲ. ಒಂದು ಹೋಸ್ಟ್ ಮೇಲಿನ 40 ಕಂಟೇನರ್‌ಗಳೂ ಹೋಸ್ಟ್‌ನ ಒಂದೇ ಕರ್ನಲ್ ಜೊತೆ ಮಾತಾಡುತ್ತವೆ. ಕಂಟೇನರ್ ಬೇಗ ಶುರುವಾಗುವುದಕ್ಕೆ, ಕಡಿಮೆ ಜಾಗ ಹಿಡಿಯುವುದಕ್ಕೆ ಇದೇ ಕಾರಣ. ತರಬೇತಿ ಲ್ಯಾಬ್‌ನ ಅತಿ ದೊಡ್ಡ ಮಿತಿಯೂ ಇದೇ.

2016ರಲ್ಲಿ ಬೆಳಕಿಗೆ ಬಂದ ಡರ್ಟಿ ಕೌ, 2022ರ ಡರ್ಟಿ ಪೈಪ್, ಇವೆರಡೂ ಕರ್ನಲ್‌ನಲ್ಲೇ ಇದ್ದ ದೋಷಗಳು. ಇವನ್ನು ಕಂಟೇನರ್ ಟೆಂಪ್ಲೇಟ್‌ನಲ್ಲಿ ಕಲಿಸಲು ಹೋದರೆ ಎರಡರಲ್ಲಿ ಒಂದಾಗುತ್ತದೆ. ಹೋಸ್ಟ್ ಕರ್ನಲ್ ಪ್ಯಾಚ್ ಆಗಿದ್ದರೆ, ಕಂಟೇನರ್ ಒಳಗೆ ಎಷ್ಟೇ ಹಳೆಯ ಉಬುಂಟು ಹಾಕಿದರೂ ಅಭ್ಯಾಸ ನಡೆಯುವುದಿಲ್ಲ. ಪ್ಯಾಚ್ ಆಗದ ಕರ್ನಲ್ ಇಟ್ಟುಕೊಂಡರೆ ಅಭ್ಯಾಸ ನಡೆಯುತ್ತದೆ, ಆದರೆ ಪಾಠ ಕಲಿತವರ ಕೈಗೆ ಇಡೀ ಲ್ಯಾಬ್ ಸಿಕ್ಕಂತಾಗುತ್ತದೆ. ಕರ್ನಲ್ ದೋಷಗಳ ಪಾಠಕ್ಕೆ ಪ್ರತಿಯೊಬ್ಬರಿಗೂ ಒಂದೊಂದು ವರ್ಚುವಲ್ ಮಷೀನ್ ಕೊಡಿ. ಇದರಲ್ಲಿ ರಾಜಿ ಬೇಡ.

ಇದರ ಇನ್ನೊಂದು ಮುಖ ಬಫರ್ ಓವರ್‌ಫ್ಲೋ (ಮೀಸಲಿಟ್ಟ ಮೆಮೊರಿ ಜಾಗ ಮೀರಿ ಬರೆಯುವ ದಾಳಿ) ಪಾಠದಲ್ಲಿ ಎದುರಾಗುತ್ತದೆ. ಮೊದಲ ಪಾಠಗಳಲ್ಲಿ ಎಎಸ್‌ಎಲ್‌ಆರ್ ಆಫ್ ಮಾಡುವುದು ವಾಡಿಕೆ. ಪ್ರೋಗ್ರಾಂ ಪ್ರತಿ ಸಲ ಶುರುವಾದಾಗಲೂ ಮೆಮೊರಿ ವಿಳಾಸಗಳನ್ನು ಕಲಸಿಬಿಡುವ ರಕ್ಷಣೆ ಅದು. ಅದು ಇದ್ದರೆ ಹೊಸಬರಿಗೆ ಲೆಕ್ಕ ಹಿಡಿಯುವುದು ಕಷ್ಟ. ಆದರೆ ಈ ಸೆಟ್ಟಿಂಗ್ ಕಂಟೇನರ್‌ಗೊಂದು ಅಂತ ಇಲ್ಲ, ಇಡೀ ಕರ್ನಲ್‌ಗೆ ಒಂದೇ. ಒಂದು ಕಂಟೇನರ್‌ಗೋಸ್ಕರ ಆಫ್ ಮಾಡಿದರೆ ಹೋಸ್ಟ್‌ಗೂ, ಉಳಿದ ಎಲ್ಲ ಕಂಟೇನರ್‌ಗಳಿಗೂ ಆಫ್ ಆಗುತ್ತದೆ. ಒಂದೇ ಪ್ರೋಸೆಸ್‌ಗೆ ಮಾತ್ರ ಆಫ್ ಮಾಡುವ ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ) ಒಂದಿದೆ, ಹೆಸರು ಪರ್ಸನಾಲಿಟಿ. ಯಾವ ಸಿಸ್ಟಮ್ ಕಾಲ್‌ಗೆ ಅನುಮತಿ ಅಂತ ಹೇಳುವ ಡಾಕರ್‌ನ ಡೀಫಾಲ್ಟ್ ಸೆಕ್‌ಕಾಂಪ್ ಪ್ರೊಫೈಲ್ ಅದಕ್ಕೆ ಒಪ್ಪುವುದಿಲ್ಲ. ಜಿಡಿಬಿ ಡಿಬಗರ್ ತೆರೆದಾಗ ವಿಳಾಸ ಕಲಸುವುದನ್ನು ನಿಲ್ಲಿಸಲು ಆಗಲಿಲ್ಲ, ಅನುಮತಿ ಇಲ್ಲ ಅಂತ ಒಂದು ಸಾಲು ಬರುತ್ತದಲ್ಲ, ಅದು ಇದೇ ಕಾರಣಕ್ಕೆ. ಜನ ಬೇಸತ್ತು ಸೆಕ್‌ಕಾಂಪ್ ಅನ್ನೇ ಪೂರ್ತಿ ಆಫ್ ಮಾಡಿಬಿಡುತ್ತಾರೆ. ಒಂದು ಕಾಲ್‌ಗೋಸ್ಕರ ನಿಷೇಧಿಸಿದ್ದ ಹತ್ತಾರು ಕಾಲ್‌ಗಳನ್ನೆಲ್ಲ ಬಿಟ್ಟುಕೊಟ್ಟ ಹಾಗಾಯಿತು. ಅದರ ಬದಲು ಡೀಫಾಲ್ಟ್ ಪ್ರೊಫೈಲ್‌ನ ಪ್ರತಿ ಮಾಡಿಕೊಂಡು, ಪರ್ಸನಾಲಿಟಿಗೆ ಬೇಕಾದ ಆ ಒಂದು ಮೌಲ್ಯಕ್ಕೆ ಮಾತ್ರ ಅನುಮತಿ ಕೊಟ್ಟು, ಅದನ್ನು ಆ ಪಾಠದ ಟೆಂಪ್ಲೇಟ್‌ಗಷ್ಟೇ ಹಚ್ಚಿ. ಅಥವಾ ಪಾಠವನ್ನೇ ಸ್ವಲ್ಪ ಬದಲಿಸಿ. ಪ್ರೋಗ್ರಾಂ ಅನ್ನು ಪಿಐಇ (ಮೆಮೊರಿಯ ಯಾವ ವಿಳಾಸದಲ್ಲಾದರೂ ಕೂರಿಸಲು ಬಿಡುವ ಆಯ್ಕೆ) ಇಲ್ಲದೆ ಕಂಪೈಲ್ ಮಾಡಿದರೆ ಅದರ ಸ್ವಂತ ಫಂಕ್ಷನ್‌ಗಳ ವಿಳಾಸ ಕದಲುವುದಿಲ್ಲ. ಗುಟ್ಟಿನ ಫಂಕ್ಷನ್ ಒಂದಕ್ಕೆ ಹಾರಿಸುವ ಅಭ್ಯಾಸಕ್ಕೆ ಅಷ್ಟು ಸಾಕು, ಎಎಸ್‌ಎಲ್‌ಆರ್ ಮುಟ್ಟುವ ಅಗತ್ಯವೇ ಇಲ್ಲ. ನನಗೆ ಎರಡನೆಯ ದಾರಿಯೇ ಇಷ್ಟ.

ದೌರ್ಬಲ್ಯವನ್ನು ಹಾಗೇ ಹಿಡಿದಿಡುವುದು

ದುರ್ಬಲ ಆ್ಯಪ್ ಕಟ್ಟುವುದು ಸುಲಭ, ದುರ್ಬಲವಾಗಿಯೇ ಉಳಿಸಿಕೊಳ್ಳುವುದು ಕಷ್ಟ. ಸಾಫ್ಟ್‌ವೇರ್ ಜಗತ್ತು ಪೂರ್ತಿ ಅಪ್‌ಡೇಟ್ ಕಡೆಗೆ ವಾಲಿದೆ. ಬೇಸ್ ಇಮೇಜ್ ಹೆಸರಿನ ಮುಂದೆ ಲೇಟೆಸ್ಟ್ ಅಂತ ಟ್ಯಾಗ್ ಹಾಕಿದರೆ, ಮುಂದಿನ ಸಲ ಬಿಲ್ಡ್ ಮಾಡಿದಾಗ ತೂತು ತಾನೇ ಮುಚ್ಚಿಹೋಗಿರಬಹುದು. ಕ್ಲಾಸ್ ಅರ್ಧ ಆದ ಮೇಲೆ ದಾಳಿ ಯಾಕೆ ನಡೆಯುತ್ತಿಲ್ಲ ಅಂತ ಎಲ್ಲರೂ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಲಾಗ್‌ಫೋರ್‌ಶೆಲ್ ಒಳ್ಳೆಯ ಉದಾಹರಣೆ. 2021ರ ಡಿಸೆಂಬರ್‌ನಲ್ಲಿ ಹೊರಬಿದ್ದ ಈ ದೋಷದ ಸಂಖ್ಯೆ ಸಿವಿಇ-2021-44228. ಜಾವಾ ಆ್ಯಪ್‌ಗಳು ಲಾಗ್ ಬರೆಯಲು ಬಳಸುವ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ಅದು ಇತ್ತು. ಲಾಗ್‌ಗೆ ಹೋಗುವ ಪಠ್ಯದಲ್ಲಿ ಒಂದು ವಿಶೇಷ ಬಗೆಯ ವಿಳಾಸ ಸೇರಿಸಿದರೆ, ಲೈಬ್ರರಿ ಆ ವಿಳಾಸಕ್ಕೆ ತಾನೇ ಸಂಪರ್ಕ ಮಾಡುತ್ತಿತ್ತು. ದಾಳಿಕೋರರ ಸರ್ವರ್ ಆಗ ಒಂದು ಜಾವಾ ಕ್ಲಾಸ್‌ನ ದಾರಿ ತೋರಿಸಿದರೆ ಅದನ್ನು ತಂದು ಓಡಿಸುತ್ತಿತ್ತು. ಇದರ ಟೆಂಪ್ಲೇಟ್‌ಗೆ ಲಾಗ್‌ಫೋರ್‌ಜೆ 2.14.1 ಹಾಕಿದರೆ ಮುಗೀತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಜಾವಾ 8ರ 191ನೇ ಅಪ್‌ಡೇಟ್‌ನಿಂದ, ಎಲ್‌ಡ್ಯಾಪ್ ಅನ್ನುವ ಡೈರೆಕ್ಟರಿ ಪ್ರೋಟೋಕಾಲ್ ಮೂಲಕ ದೂರದ ಕ್ಲಾಸ್ ತಂದು ಓಡಿಸುವುದು ಡೀಫಾಲ್ಟ್ ಆಗಿ ಬಂದ್ ಆಗಿದೆ. ಬೇಸ್ ಇಮೇಜ್‌ನಲ್ಲಿ ಹೊಸ ಜಾವಾ ಇದ್ದರೆ ಸಂಪರ್ಕ ಬರುವುದು ಕಾಣುತ್ತದೆ, ಶೆಲ್ ಮಾತ್ರ ಬರುವುದಿಲ್ಲ. ಅಂದರೆ ಇಲ್ಲಿ ಎರಡು ಆವೃತ್ತಿಗಳನ್ನು ಹಿಡಿದಿಡಬೇಕು, ಲೈಬ್ರರಿಯದೂ ಜಾವಾದೂ. ದಾಳಿ ನಡೆಯಲು ಏನೇನು ಕೂಡಿಬರಬೇಕು ಅನ್ನುವುದನ್ನು ಟೆಂಪ್ಲೇಟ್‌ನಲ್ಲೇ ಕಾಮೆಂಟ್ ಆಗಿ ಬರೆದಿಡಿ. ಮುಂದೆ ಅದನ್ನು ತೆರೆಯುವವರಿಗೆ ತುಂಬಾ ಉಪಕಾರ ಆಗುತ್ತದೆ.

ಆವೃತ್ತಿ ಸಂಖ್ಯೆಯೂ ಪೂರ್ತಿ ನಂಬುವಂಥದ್ದಲ್ಲ. 2014ರ ಹಾರ್ಟ್‌ಬ್ಲೀಡ್ ದೋಷ ಎನ್‌ಕ್ರಿಪ್ಷನ್ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 1.0.1ರಿಂದ 1.0.1ಎಫ್ ವರೆಗೆ ಇತ್ತು. ಹಾಗಾಗಿ 1.0.1ಇ ದುರ್ಬಲ ಅಂತ ಲೆಕ್ಕ. ಆದರೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ತನ್ನ 1.0.1ಇ ಪ್ಯಾಕೇಜ್‌ಗೇ ಪ್ಯಾಚ್ ಹಾಕಿ ಬಿಟ್ಟಿತ್ತು. ಮೂಲ ಸಂಖ್ಯೆ ಬದಲಾಗಲಿಲ್ಲ, ಕೊನೆಯಲ್ಲಿ ಸೇರಿಸುವ ಡೆಬಿಯನ್‌ನ ಸ್ವಂತ ಸಂಖ್ಯೆ ಮಾತ್ರ ಬದಲಾಯಿತು. ಆ ಬಾಲ ನೋಡದೆ ಇನ್‌ಸ್ಟಾಲ್ ಮಾಡಿದವರ ಲ್ಯಾಬ್‌ನಲ್ಲಿ ಹಾರ್ಟ್‌ಬ್ಲೀಡ್ ಇರುವುದೇ ಇಲ್ಲ.

ಇನ್ನೊಂದು ತೊಡಕು ಹಳೆಯ ರೆಪೊಸಿಟರಿಗಳದ್ದು. ಡೆಬಿಯನ್ ಆವೃತ್ತಿಯೊಂದಕ್ಕೆ ಬೆಂಬಲ ಮುಗಿದ ಮೇಲೆ ಅದರ ಪ್ಯಾಕೇಜ್‌ಗಳು ಮುಖ್ಯ ಸರ್ವರ್‌ನಿಂದ ಆರ್ಕೈವ್ ಸರ್ವರ್‌ಗೆ ಹೋಗುತ್ತವೆ. ನಿನ್ನೆವರೆಗೆ ಚೆನ್ನಾಗಿ ಆಗುತ್ತಿದ್ದ ಬಿಲ್ಡ್ ಇವತ್ತು ಫೈಲ್ ಸಿಗಲಿಲ್ಲ ಅಂತ ನಿಂತುಬಿಡುತ್ತದೆ. ಸ್ನ್ಯಾಪ್‌ಶಾಟ್ ಅನ್ನುವ ಡೆಬಿಯನ್‌ನದ್ದೇ ಸೇವೆಯಲ್ಲಿ ಒಂದು ನಿರ್ದಿಷ್ಟ ದಿನದ ಪ್ಯಾಕೇಜ್‌ಗಳು ಹಾಗೇ ಸಿಗುತ್ತವೆ, ಅದನ್ನು ಬಳಸಬಹುದು. ಬೇಸ್ ಇಮೇಜ್ ಅನ್ನು ಟ್ಯಾಗ್ ಹೆಸರಿನ ಬದಲು ಡೈಜೆಸ್ಟ್‌ನಿಂದ, ಅಂದರೆ ಶಾ-256 ಸಂಖ್ಯೆಯಿಂದ ಕರೆಯಿರಿ. ಟ್ಯಾಗ್ ಇವತ್ತು ಒಂದು ಇಮೇಜ್‌ಗೆ, ನಾಳೆ ಇನ್ನೊಂದಕ್ಕೆ ಬೊಟ್ಟು ಮಾಡಬಹುದು. ಡೈಜೆಸ್ಟ್ ಯಾವತ್ತೂ ಒಂದೇ ಇಮೇಜ್‌ನದ್ದು. ಇವೆಲ್ಲಕ್ಕಿಂತ ಗಟ್ಟಿ ಉಪಾಯ, ಬಿಲ್ಡ್ ಆದ ಇಮೇಜ್ ಅನ್ನೇ ನಿಮ್ಮ ಸ್ವಂತ ರಿಜಿಸ್ಟ್ರಿಯಲ್ಲಿ, ಅಂದರೆ ಇಮೇಜ್‌ಗಳ ಉಗ್ರಾಣದಲ್ಲಿ, ಇಟ್ಟುಕೊಳ್ಳುವುದು. ಕ್ಲಾಸ್ ದಿನ ಬಿಲ್ಡ್ ಮಾಡಲೇಬೇಡಿ, ಬರೀ ಪುಲ್ ಮಾಡಿ, ಅಂದರೆ ಅಲ್ಲಿಂದ ಇಳಿಸಿಕೊಳ್ಳಿ. ಡಾಕರ್‌ನ ಸಾರ್ವಜನಿಕ ರಿಜಿಸ್ಟ್ರಿಯಾದ ಡಾಕರ್ ಹಬ್ 2020ರ ಕೊನೆಯಿಂದ ಲಾಗಿನ್ ಇಲ್ಲದವರ ಪುಲ್‌ಗಳಿಗೆ ಐಪಿ ವಿಳಾಸದ ಲೆಕ್ಕದಲ್ಲಿ ಮಿತಿ ಹಾಕಿದೆ. ಒಂದೇ ಇಂಟರ್ನೆಟ್ ಸಂಪರ್ಕದ ಹಿಂದಿರುವ ಇಡೀ ಕ್ಲಾಸ್ ಒಟ್ಟಿಗೆ ಪುಲ್ ಮಾಡಿದರೆ ಆ ಮಿತಿ ಬೇಗ ಮುಟ್ಟುತ್ತದೆ.

ಫ್ಲ್ಯಾಗ್ ಎಲ್ಲಿಡುವುದು

ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ಟೆಂಪ್ಲೇಟ್‌ಗಳು ಜಾಸ್ತಿ ಸೋರುವುದು ಇಲ್ಲೇ. ಫ್ಲ್ಯಾಗ್ ಫೈಲ್ ಅನ್ನು ಡಾಕರ್‌ಫೈಲ್‌ನ ಕಾಪಿ ಸಾಲಿನಿಂದ ಇಮೇಜ್ ಒಳಗೆ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಇಮೇಜ್ ಅನ್ನುವುದು ಪದರ ಪದರವಾಗಿ ಕೂಡಿಟ್ಟ ಫೈಲ್‌ಗಳು. ಕೆಳಗಿನ ಪದರದಲ್ಲಿ ಹಾಕಿದ ಫೈಲ್ ಅನ್ನು ಮೇಲಿನ ಪದರದಲ್ಲಿ ಅಳಿಸಿದರೂ ಅದು ಕೆಳಗೆ ಹಾಗೇ ಇರುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಇಮೇಜ್ ಕೈಗೆ ಸಿಕ್ಕವರು ಪದರಗಳನ್ನು ಬಿಚ್ಚಿ ತೆಗೆದುಕೊಳ್ಳಬಹುದು. ಬಿಲ್ಡ್ ಸಮಯದಲ್ಲಿ ಆರ್ಗ್ಯುಮೆಂಟ್ ಆಗಿ ಕೊಟ್ಟದ್ದೂ ಇಮೇಜ್‌ನ ಹಿಸ್ಟರಿಯಲ್ಲಿ ಕಾಣಿಸಿಕೊಳ್ಳಬಹುದು. ಮೇಲಾಗಿ ಎಲ್ಲರಿಗೂ ಒಂದೇ ಫ್ಲ್ಯಾಗ್ ಆದರೆ ಒಬ್ಬರಿಗೆ ಸಿಕ್ಕಿದ್ದು ಮೆಸೇಜ್‌ನಲ್ಲಿ ಎಲ್ಲರಿಗೂ ತಲುಪುತ್ತದೆ.

ಹಾಗಾಗಿ ಫ್ಲ್ಯಾಗ್ ಇಮೇಜ್‌ನಲ್ಲಿ ಇರಬಾರದು, ಕಂಟೇನರ್ ಶುರುವಾಗುವಾಗ ಹೊರಗಿನಿಂದ ಬರಬೇಕು. ತಂಡದ ಸಂಖ್ಯೆಯನ್ನೂ ಒಂದು ಗುಟ್ಟಿನ ಕೀಲಿಯನ್ನೂ ಸೇರಿಸಿ ಎಚ್‌ಮ್ಯಾಕ್ (ಗುಟ್ಟಿನ ಕೀಲಿ ಇದ್ದವರಷ್ಟೇ ಹಾಕಬಲ್ಲ ಮುದ್ರೆ) ಲೆಕ್ಕ ಹಾಕಿದರೆ ಪ್ರತಿ ತಂಡಕ್ಕೂ ಬೇರೆ ಫ್ಲ್ಯಾಗ್ ಸಿಗುತ್ತದೆ. ಎಲ್ಲೂ ಪಟ್ಟಿ ಇಟ್ಟುಕೊಳ್ಳಬೇಕಿಲ್ಲ, ಬೇಕಾದಾಗ ಮತ್ತೆ ಲೆಕ್ಕ ಹಾಕಿ ತಾಳೆ ನೋಡಬಹುದು. ಒಂದು ತಂಡದ ಫ್ಲ್ಯಾಗ್ ಇನ್ನೊಂದು ತಂಡದಿಂದ ಬಂದರೆ ಎಲ್ಲಿಂದ ಹೋಯಿತು ಅನ್ನುವುದೂ ಗೊತ್ತಾಗುತ್ತದೆ.

ಅದನ್ನು ಒಳಗೆ ತಲುಪಿಸಲು ಸುಲಭದ ದಾರಿ ಎನ್ವಿರಾನ್ಮೆಂಟ್ ವೇರಿಯಬಲ್, ಅಂದರೆ ಪ್ರೋಗ್ರಾಂ ಶುರುವಾಗುವಾಗ ಹೊರಗಿನಿಂದ ಕೊಡುವ ಹೆಸರಿಟ್ಟ ಮೌಲ್ಯ. ಸುಮ್ನೆ ಹಾಗೇ ಬಿಟ್ಟರೆ ಅಲ್ಲೊಂದು ಸೋರಿಕೆ ಇದೆ. ಪಾತ್ ಟ್ರಾವರ್ಸಲ್ ಪಾಠ ಅಂದುಕೊಳ್ಳಿ. ಆ್ಯಪ್‌ಗೆ ಫೈಲ್ ಹೆಸರಿನ ಜಾಗದಲ್ಲಿ ಮೇಲಿನ ಫೋಲ್ಡರ್‌ಗೆ ಹೋಗುವ ಚುಕ್ಕಿಗಳನ್ನು ಕೊಟ್ಟು, ಓದಬಾರದ ಫೈಲ್ ಓದಬೇಕು. ಪಾಠದ ಉದ್ದೇಶ, ಆ್ಯಪ್‌ನ ಕಾನ್ಫಿಗರೇಷನ್ ಓದಿ, ಅದರಲ್ಲಿನ ಸುಳಿವು ಹಿಡಿದು, ಫ್ಲ್ಯಾಗ್ ಫೈಲ್ ಎಲ್ಲಿದೆ ಅಂತ ಪತ್ತೆ ಮಾಡುವುದು. ಆದರೆ ಲಿನಕ್ಸ್‌ನ ಪ್ರಾಕ್ ಫೋಲ್ಡರ್‌ನಲ್ಲಿ ಪ್ರತಿ ಪ್ರೋಸೆಸ್‌ಗೂ ಎನ್ವಿರಾನ್ ಅನ್ನುವ ಫೈಲ್ ಇರುತ್ತದೆ. ಅದರಲ್ಲಿ ಆ ಪ್ರೋಸೆಸ್ ಶುರುವಾದಾಗ ಇದ್ದ ವೇರಿಯಬಲ್‌ಗಳೆಲ್ಲ ಇರುತ್ತವೆ. ಅನುಭವ ಇದ್ದವರು ಮೊದಲ ನಿಮಿಷದಲ್ಲೇ ಅದನ್ನು ಓದಿ ಫ್ಲ್ಯಾಗ್ ತೆಗೆದುಬಿಡುತ್ತಾರೆ. ಅವರ ತಪ್ಪೇನಿಲ್ಲ. ನಾವು ಕಲಿಸಬೇಕೆಂದಿದ್ದ ಪಾಠ ಮಾತ್ರ ಆಗಲಿಲ್ಲ.

ಇದಕ್ಕೆ ಎಂಟ್ರಿಪಾಯಿಂಟ್ ಸ್ಕ್ರಿಪ್ಟ್ ಬರೆಯಬೇಕು. ಕಂಟೇನರ್ ಶುರುವಾದಾಗ ಮೊದಲು ಓಡುವುದು ಅದೇ. ಅದು ವೇರಿಯಬಲ್‌ನಿಂದ ಫ್ಲ್ಯಾಗ್ ತೆಗೆದು ಫೈಲ್‌ಗೆ ಬರೆಯುತ್ತದೆ. ಫೈಲ್‌ನ ಒಡೆತನವನ್ನು ಎಲ್ಲ ಅಧಿಕಾರ ಇರುವ ಯೂಸರ್ ಆದ ರೂಟ್‌ಗೆ ಕೊಟ್ಟು, ಆ್ಯಪ್‌ನ ಯೂಸರ್‌ಗೆ ಓದಲು ಮಾತ್ರ ಬಿಡುತ್ತದೆ. ವೇರಿಯಬಲ್ ಅಳಿಸುತ್ತದೆ. ಕೊನೆಗೆ ಸಾಮಾನ್ಯ ಯೂಸರ್‌ಗೆ ಇಳಿದು, ಎಕ್ಸೆಕ್ ಮೂಲಕ ಆ್ಯಪ್‌ಗೆ ಜಾಗ ಬಿಟ್ಟುಕೊಡುತ್ತದೆ. ಎಕ್ಸೆಕ್ ಇಲ್ಲಿ ಮುಖ್ಯ. ಅದು ಹೊಸ ಪ್ರೋಸೆಸ್ ಹುಟ್ಟಿಸದೆ ಸ್ಕ್ರಿಪ್ಟ್‌ನ ಜಾಗದಲ್ಲೇ ಆ್ಯಪ್ ಅನ್ನು ಕೂರಿಸುತ್ತದೆ. ಹಾಗಾಗಿ ಎನ್ವಿರಾನ್ ಫೈಲ್ ಹೊಸದಾಗಿ ತುಂಬಿಕೊಳ್ಳುತ್ತದೆ, ಅದರಲ್ಲಿ ಫ್ಲ್ಯಾಗ್ ಇರುವುದಿಲ್ಲ.

ಎಕ್ಸೆಕ್‌ನಿಂದ ಇನ್ನೊಂದು ಲಾಭವೂ ಇದೆ. ಕಂಟೇನರ್ ನಿಲ್ಲಿಸಿ ಅಂದಾಗ ಡಾಕರ್ ಮೊದಲ ಪ್ರೋಸೆಸ್‌ಗೆ ಸಿಗ್ನಲ್ ಕಳಿಸಿ, ಡೀಫಾಲ್ಟ್ ಆಗಿ 10 ಸೆಕೆಂಡ್ ಕಾದು, ಆಮೇಲೆ ಬಲವಂತವಾಗಿ ಕೊಲ್ಲುತ್ತದೆ. ಎಕ್ಸೆಕ್ ಇಲ್ಲದಿದ್ದರೆ ಮೊದಲ ಪ್ರೋಸೆಸ್ ಆಗಿ ಶೆಲ್ ಕೂತಿರುತ್ತದೆ, ಸಿಗ್ನಲ್ ಅನ್ನು ಆ್ಯಪ್‌ಗೆ ದಾಟಿಸುವುದಿಲ್ಲ. ಪ್ರತಿ ರೀಸೆಟ್‌ಗೂ ಸುಮ್ಮನೆ 10 ಸೆಕೆಂಡ್ ಕಾಯಬೇಕು. ಕ್ಲಾಸ್‌ನಲ್ಲಿ ಎಲ್ಲರೂ ರೀಸೆಟ್ ಒತ್ತುತ್ತಿದ್ದರೆ ಇದು ಚೆನ್ನಾಗಿಯೇ ಗೊತ್ತಾಗುತ್ತದೆ.

ಉಳಿದ ಗೋಡೆಗಳು

ಈಗ ಕಲಿಯುವವರಿಗೆ ಶೆಲ್ ಸಿಕ್ಕಿದೆ ಅಂದುಕೊಳ್ಳೋಣ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬಹುದು?

ಮೊದಲು, ಎಂದೂ ಮಾಡಬಾರದ ಎರಡು ಕೆಲಸ. ಹೋಸ್ಟ್‌ನ ಬಹುತೇಕ ಎಲ್ಲ ಅಧಿಕಾರ ಕೊಡುವ ಪ್ರಿವಿಲೆಜ್ಡ್ ಮೋಡ್‌ನಲ್ಲಿ ಕಂಟೇನರ್ ಓಡಿಸಬೇಡಿ. ಹೋಸ್ಟ್‌ನ ಡಾಕರ್ ಸಾಕೆಟ್ ಅನ್ನು, ಅಂದರೆ ಡಾಕರ್‌ಗೆ ಆದೇಶ ಕೊಡುವ ಫೈಲ್ ಅನ್ನು, ಒಳಗೆ ಮೌಂಟ್ ಮಾಡಬೇಡಿ. ಸಾಕೆಟ್ ಕೈಗೆ ಸಿಕ್ಕವರು ಹೋಸ್ಟ್‌ನ ಇಡೀ ಡಿಸ್ಕ್ ಜೋಡಿಸಿದ ಹೊಸ ಕಂಟೇನರ್ ಒಂದನ್ನು ತಾವೇ ಶುರುಮಾಡಬಹುದು. ಆಗ ಹೋಸ್ಟ್‌ನ ರೂಟ್ ಅವರದ್ದೇ.

ಡಾಕರ್ ಡೀಫಾಲ್ಟ್ ಆಗಿ ಕಂಟೇನರ್‌ನ ರೂಟ್‌ಗೆ 14 ಕೇಪಬಿಲಿಟಿ, ಅಂದರೆ ರೂಟ್ ಅಧಿಕಾರದ ತುಂಡುಗಳನ್ನು, ಬಿಟ್ಟುಕೊಡುತ್ತದೆ. ಬಹುತೇಕ ವೆಬ್ ಆ್ಯಪ್‌ಗೆ ಇವು ಬೇಕಾಗುವುದಿಲ್ಲ. ಎಲ್ಲವನ್ನೂ ತೆಗೆದುಹಾಕಿ, ಬೇಕಾದ ಒಂದೆರಡನ್ನು ಮಾತ್ರ ವಾಪಸ್ ಕೊಡಿ. ಮೇಲೆ ಹೇಳಿದ ಎಂಟ್ರಿಪಾಯಿಂಟ್‌ಗೆ ಯೂಸರ್ ಬದಲಿಸುವ, ಫೈಲ್ ಒಡೆತನ ಬದಲಿಸುವ ಅಧಿಕಾರ ಬೇಕಾಗುತ್ತದೆ, ಅಷ್ಟು ಸಾಕು. ನೆಟ್-ರಾ ಅನ್ನುವ ಕೇಪಬಿಲಿಟಿ ಬಗ್ಗೆ ವಿಶೇಷ ಗಮನ ಇರಲಿ. ಅದು ಇದ್ದರೆ ಒಂದೇ ನೆಟ್‌ವರ್ಕ್‌ನಲ್ಲಿರುವ ಪಕ್ಕದ ಕಂಟೇನರ್‌ಗಳಿಗೆ ಎಆರ್‌ಪಿ ಸುಳ್ಳು (ಈ ಐಪಿ ವಿಳಾಸ ನನ್ನದೇ ಅನ್ನುವ ಸುಳ್ಳು) ಹೇಳಿ ಟ್ರಾಫಿಕ್ ತನ್ನ ಕಡೆ ತಿರುಗಿಸಿಕೊಳ್ಳಬಹುದು.

ಹೊಸ ಅಧಿಕಾರ ಪಡೆಯದಂತೆ ತಡೆಯುವ ನೋ-ನ್ಯೂ-ಪ್ರಿವಿಲೆಜಸ್ ಆಯ್ಕೆಯನ್ನೂ ಹಾಕಿ ಅಂತ ಎಲ್ಲ ಕಡೆ ಬರೆದಿರುತ್ತದೆ. ಒಳ್ಳೆಯ ಸಲಹೆಯೇ. ಆದರೆ ಸೆಟ್‌ಯುಐಡಿ ಪ್ರೋಗ್ರಾಂ (ಓಡಿಸಿದವರ ಬದಲು ಫೈಲ್‌ನ ಒಡೆಯರ ಅಧಿಕಾರದಲ್ಲಿ ಓಡುವಂಥದ್ದು) ಬಳಸಿ ಸಾಮಾನ್ಯ ಯೂಸರ್‌ನಿಂದ ರೂಟ್ ಆಗುವುದನ್ನು ಕಲಿಸುವ ಪಾಠದಲ್ಲಿ ಇದನ್ನು ಹಾಕಿದರೆ ಪಾಠವೇ ನಡೆಯುವುದಿಲ್ಲ. ಅಲ್ಲಿ ಇದನ್ನು ಬಿಟ್ಟು, ಬದಲಿಗೆ ಯೂಸರ್ ನೇಮ್‌ಸ್ಪೇಸ್ ರೀಮ್ಯಾಪ್ ಹಾಕಿ. ಆಗ ಕಂಟೇನರ್ ಒಳಗಿನ ರೂಟ್ ಹೋಸ್ಟ್‌ನ ಲೆಕ್ಕದಲ್ಲಿ ಯಾವ ಅಧಿಕಾರವೂ ಇಲ್ಲದ ಯೂಸರ್ ಆಗಿರುತ್ತದೆ. ಇಂಥ ಕಡೆಯೇ ರೆಡಿಮೇಡ್ ಚೆಕ್‌ಲಿಸ್ಟ್ ಕೈಕೊಡುವುದು. ಯಾವ ಪಾಠಕ್ಕೆ ಯಾವ ಗೋಡೆ ಅನ್ನುವುದನ್ನು ಯೋಚಿಸಿಯೇ ನಿರ್ಧರಿಸಬೇಕು.

ಮೆಮೊರಿ, ಸಿಪಿಯು, ಪ್ರೋಸೆಸ್ ಸಂಖ್ಯೆ ಮೂರಕ್ಕೂ ಮಿತಿ ಇರಲಿ. ಪ್ರೋಸೆಸ್ ಮಿತಿಯನ್ನು ಜನ ಮರೆಯುತ್ತಾರೆ. ತನ್ನನ್ನೇ ಮತ್ತೆ ಮತ್ತೆ ಕರೆದುಕೊಳ್ಳುವ ಒಂದು ಸಾಲಿನ ಫೋರ್ಕ್ ಬಾಂಬ್ ಯಾರಾದರೂ ಒತ್ತಿ ನೋಡೇ ನೋಡುತ್ತಾರೆ. ಮಿತಿ ಇಲ್ಲದಿದ್ದರೆ ಹೋಸ್ಟ್ ಜೊತೆ ಇಡೀ ಕ್ಲಾಸ್ ಮಲಗುತ್ತದೆ.

ಇಷ್ಟೆಲ್ಲ ಮಾಡಿದರೂ ಕಂಟೇನರ್ ಓಡಿಸುವ ಸಾಫ್ಟ್‌ವೇರ್ ಆದ ರನ್‌ಟೈಮ್‌ನಲ್ಲೇ ದೋಷ ಇರಬಹುದು. ರನ್‌ಸಿ ಅನ್ನುವ ಭಾಗದಲ್ಲಿ 2019ರಲ್ಲಿ ಸಿವಿಇ-2019-5736, 2024ರಲ್ಲಿ ಸಿವಿಇ-2024-21626 ಸಿಕ್ಕವು. ಎರಡರಿಂದಲೂ ಕಂಟೇನರ್ ದಾಟಿ ಹೋಸ್ಟ್‌ಗೆ ಹೋಗಬಹುದಿತ್ತು. ಆದ್ದರಿಂದ ಲ್ಯಾಬ್‌ನ ಡಾಕರ್ ಹೋಸ್ಟ್ ಯಾವಾಗಲೂ ಅದಕ್ಕಂತಲೇ ಇಟ್ಟ ವರ್ಚುವಲ್ ಮಷೀನ್ ಆಗಿರಲಿ. ಅದರಲ್ಲಿ ಬೇರೆ ಯಾವ ಕೆಲಸವೂ, ಯಾರ ಪಾಸ್‌ವರ್ಡ್ ಅಥವಾ ಕೀಲಿಯೂ ಇರಬಾರದು. ಇನ್ನೂ ಬಿಗಿ ಬೇಕೆಂದರೆ ಜಿವೈಸರ್ ಅಥವಾ ಕಾಟಾ ಕಂಟೇನರ್ಸ್ ಇವೆ. ಮೊದಲನೆಯದು ಸಿಸ್ಟಮ್ ಕಾಲ್‌ಗಳನ್ನು ನಡುವೆಯೇ ತಡೆದು ತಾನೇ ಉತ್ತರಿಸುತ್ತದೆ. ಎರಡನೆಯದು ಪ್ರತಿ ಕಂಟೇನರ್ ಅಥವಾ ಪಾಡ್‌ಗೆ (ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪಿಗೆ) ಒಂದು ಹಗುರ ವರ್ಚುವಲ್ ಮಷೀನ್ ಕೊಡುತ್ತದೆ.

ನೆಟ್‌ವರ್ಕ್

ಪೋರ್ಟ್ ತೆರೆಯುವ ಸಾಲಿನಲ್ಲಿ ಬರೀ ಪೋರ್ಟ್ ಸಂಖ್ಯೆ ಬರೆದರೆ ಡಾಕರ್ ಅದನ್ನು ಹೋಸ್ಟ್‌ನ ಎಲ್ಲ ವಿಳಾಸಗಳಲ್ಲೂ ತೆರೆಯುತ್ತದೆ. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ಆನ್ ಇದೆಯಲ್ಲ ಅಂತ ನಿಶ್ಚಿಂತೆ ಬೇಡ. ಡಾಕರ್ ತನ್ನ ನಿಯಮಗಳನ್ನು ನೇರವಾಗಿ ಐಪಿಟೇಬಲ್ಸ್‌ಗೆ ಬರೆಯುತ್ತದೆ, ಆ ಟ್ರಾಫಿಕ್ ಯುಎಫ್‌ಡಬ್ಲ್ಯು ನಿಯಮಗಳ ಹತ್ತಿರ ಹೋಗುವುದೇ ಇಲ್ಲ. ಬೇಕಂತಲೇ ದುರ್ಬಲವಾಗಿ ಬರೆದ ಆ್ಯಪ್ ಹೀಗೆ ಇಂಟರ್ನೆಟ್‌ಗೆ ತೆರೆದುಕೊಂಡರೆ ಅಪರಿಚಿತರು ಹುಡುಕಿಕೊಂಡು ಬರಲು ಜಾಸ್ತಿ ಹೊತ್ತು ಬೇಡ. ಪೋರ್ಟ್ ಸಾಲಿನಲ್ಲಿ 127.0.0.1 ಅಥವಾ ಲ್ಯಾಬ್‌ನ ಒಳಗಿನ ವಿಳಾಸವನ್ನು ಸ್ಪಷ್ಟವಾಗಿ ಬರೆಯಿರಿ.

ಪ್ರತಿ ತಂಡಕ್ಕೂ ಬೇರೆ ನೆಟ್‌ವರ್ಕ್ ಇರಲಿ. ಕಂಪೋಸ್‌ನಲ್ಲಿ ಪ್ರಾಜೆಕ್ಟ್ ಹೆಸರನ್ನು ತಂಡದ ಸಂಖ್ಯೆಯಿಂದ ಮಾಡಿದರೆ ಕಂಟೇನರ್, ನೆಟ್‌ವರ್ಕ್, ವಾಲ್ಯೂಮ್ (ಡೇಟಾ ಉಳಿಸುವ ಜಾಗ) ಎಲ್ಲವೂ ತಾವಾಗಿಯೇ ಬೇರೆಯಾಗುತ್ತವೆ. ಆ ನೆಟ್‌ವರ್ಕ್‌ಗೆ ಇಂಟರ್ನಲ್ ಅನ್ನುವ ಆಯ್ಕೆ ಹಾಕಿದರೆ ಹೊರಗಿನ ಇಂಟರ್ನೆಟ್ ಕಡಿದುಹೋಗುತ್ತದೆ. ಲಾಗ್‌ಫೋರ್‌ಶೆಲ್ ಪಾಠಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ದುರ್ಬಲ ಆ್ಯಪ್ ದಾಳಿ ಯಂತ್ರಕ್ಕೆ ಸಂಪರ್ಕ ಮಾಡಲೇಬೇಕು, ಬೇರೆ ಎಲ್ಲಿಗೂ ಮಾಡಬಾರದು. ಇಬ್ಬರನ್ನೂ ಒಂದೇ ಇಂಟರ್ನಲ್ ನೆಟ್‌ವರ್ಕ್‌ನಲ್ಲಿ ಇಟ್ಟರೆ ಆಯಿತು. ಆದರೆ ಹೀಗೆ ಮಾಡಿದಾಗ ಪೋರ್ಟ್ ಹೊರಗೆ ತೆರೆಯುವುದಿಲ್ಲ. ಕಲಿಯುವವರ ಬ್ರೌಸರ್ ಒಳಗೆ ತಲುಪಲು ಎರಡೂ ಕಡೆ ಕಾಲಿಟ್ಟ ಒಂದು ಪ್ರಾಕ್ಸಿ ಕಂಟೇನರ್ ಬೇಕು. ಅದು ಪೂರ್ತಿ ಪ್ಯಾಚ್ ಆಗಿರಲಿ.

ಕ್ಲೌಡ್‌ನಲ್ಲಿ ಲ್ಯಾಬ್ ಓಡಿಸುವವರು 169.254.169.254 ಅನ್ನುವ ವಿಳಾಸವನ್ನು ಖಂಡಿತ ಬಂದ್ ಮಾಡಬೇಕು. ಕ್ಲೌಡ್ ಯಂತ್ರ ತನ್ನ ಬಗ್ಗೆ ಮಾಹಿತಿ ಕೇಳುವ ಮೆಟಾಡೇಟಾ ವಿಳಾಸ ಅದು. ಯಂತ್ರಕ್ಕೆ ಕೊಟ್ಟ ತಾತ್ಕಾಲಿಕ ಕೀಲಿಗಳೂ ಅಲ್ಲೇ ಸಿಗಬಹುದು. ಎಸ್‌ಎಸ್‌ಆರ್‌ಎಫ್ (ನಾವು ಹೇಳಿದ ವಿಳಾಸಕ್ಕೆ ಸರ್ವರ್‌ನಿಂದಲೇ ಕೋರಿಕೆ ಕಳಿಸುವಂತೆ ಮಾಡುವ ದಾಳಿ) ಕಲಿಸುವ ಆ್ಯಪ್ ಒಂದು ಹೊರಗಿನ ದಾರಿ ಇರುವ ನೆಟ್‌ವರ್ಕ್‌ನಲ್ಲಿ ಇದ್ದರೆ, ಪಾಠದ ಉತ್ತರ ಹುಡುಕುತ್ತಾ ಕಲಿಯುವವರು ನಿಮ್ಮ ನಿಜವಾದ ಕ್ಲೌಡ್ ಖಾತೆಯ ಕೀಲಿಯನ್ನೇ ಎತ್ತಿಕೊಂಡು ಬರಬಹುದು. ಹೋಸ್ಟ್‌ನ ಫೈರ್‌ವಾಲ್‌ನಲ್ಲಿ ತಡೆಯಿರಿ. ಜೊತೆಗೆ ಆ ಯಂತ್ರಕ್ಕೆ ಯಾವ ಕ್ಲೌಡ್ ಅಧಿಕಾರವನ್ನೂ ಕೊಡದಿದ್ದರೆ ಇನ್ನೂ ಒಳ್ಳೆಯದು.

ತಂಡಗಳು ಜಾಸ್ತಿ ಆದಾಗ ವಿಚಿತ್ರವಾದ ಒಂದು ತಡೆ ಎದುರಾಗುತ್ತದೆ. ಸುಮಾರು 30 ನೆಟ್‌ವರ್ಕ್ ಆಗುತ್ತಿದ್ದ ಹಾಗೆ ಡಾಕರ್ ಖಾಲಿ ವಿಳಾಸಗಳು ಸಿಗುತ್ತಿಲ್ಲ ಅನ್ನುತ್ತದೆ. ಮೆಮೊರಿ ಇದೆ, ಸಿಪಿಯು ಇದೆ, ಆದರೂ ಮುಂದಿನ ತಂಡ ಶುರುವಾಗುವುದಿಲ್ಲ. ಡೀಫಾಲ್ಟ್ ಆಗಿ ಡಾಕರ್ ಒಂದೊಂದು ನೆಟ್‌ವರ್ಕ್‌ಗೂ ಸಾವಿರಾರು ವಿಳಾಸಗಳ ದೊಡ್ಡ ತುಂಡು ಕೊಡುವುದೇ ಇದಕ್ಕೆ ಕಾರಣ. ಮೂರು ಕಂಟೇನರ್ ಇರುವ ತಂಡಕ್ಕೆ ಅಷ್ಟು ಯಾಕೆ, ಅಲ್ವಾ? ಹಿನ್ನೆಲೆಯಲ್ಲಿ ಓಡುವ ಡಾಕರ್ ಡೀಮನ್‌ನ ಕಾನ್ಫಿಗರೇಷನ್‌ನಲ್ಲಿ ಡೀಫಾಲ್ಟ್ ಅಡ್ರೆಸ್ ಪೂಲ್ ಬದಲಿಸಿ, ಪ್ರತಿ ನೆಟ್‌ವರ್ಕ್‌ಗೂ 16 ಅಥವಾ 32 ವಿಳಾಸಗಳ ತುಂಡು ಸಿಗುವಂತೆ ಮಾಡಿದರೆ ನೂರಾರು ತಂಡಗಳಿಗೂ ಸಾಲುತ್ತದೆ.

ಹಲವು ಯಂತ್ರಗಳಲ್ಲಿ ಕಂಟೇನರ್ ನಡೆಸುವ ಕುಬರ್ನೆಟೀಸ್ ಬಳಸುವವರಿಗೆ ಇದೇ ಕೆಲಸಗಳಿಗೆ ಬೇರೆ ಹೆಸರುಗಳಿವೆ. ತಂಡಕ್ಕೊಂದು ನೇಮ್‌ಸ್ಪೇಸ್ (ಕರ್ನಲ್‌ನದ್ದಲ್ಲ, ಹೆಸರು ಮಾತ್ರ ಒಂದೇ), ನೆಟ್‌ವರ್ಕ್ ಪಾಲಿಸಿ, ರಿಸೋರ್ಸ್ ಕೋಟಾ, ಖಾಲಿ ಜಾಗ ತುಂಬಲು ಹೆಲ್ಮ್ ಚಾರ್ಟ್. ಒಂದು ಯಂತ್ರದಲ್ಲಿ ಮುಗಿಯುವ ಲ್ಯಾಬ್‌ಗೆ ಕಂಪೋಸ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಪರೀಕ್ಷೆ, ಆಮೇಲೆ ಸ್ವಚ್ಛ

ಡೇಟಾಬೇಸ್ ತಯಾರಾಗುವ ಮೊದಲೇ ಆ್ಯಪ್ ಶುರುವಾಗಿ ಬಿದ್ದುಹೋಗುವುದು ಮಾಮೂಲಿ ತೊಂದರೆ. ಡೇಟಾಬೇಸ್‌ಗೆ ಹೆಲ್ತ್‌ಚೆಕ್ ಬರೆದು, ಅದು ಪಾಸ್ ಆದ ಮೇಲೆಯೇ ಆ್ಯಪ್ ಶುರುವಾಗಲಿ ಅಂತ ಕಂಪೋಸ್‌ನಲ್ಲಿ ಹೇಳಿದರೆ ಸರಿಹೋಗುತ್ತದೆ.

ಇದಕ್ಕಿಂತ ಮುಖ್ಯ, ಪ್ರತಿ ಟೆಂಪ್ಲೇಟ್ ಜೊತೆ ಎರಡು ಸ್ಕ್ರಿಪ್ಟ್ ಇರಬೇಕು. ಮೊದಲನೆಯದು ಪಾಠದಲ್ಲಿ ಹೇಳಿದ ದಾರಿಯಲ್ಲೇ ದಾಳಿ ಮಾಡಿ ಫ್ಲ್ಯಾಗ್ ತರುತ್ತದೆ. ಅದು ಗೆಲ್ಲಬೇಕು. ಎರಡನೆಯದು ಅಡ್ಡದಾರಿಗಳನ್ನೆಲ್ಲ ತಟ್ಟಿ ನೋಡುತ್ತದೆ. ಎನ್ವಿರಾನ್ ಫೈಲ್‌ನಲ್ಲಿ ಫ್ಲ್ಯಾಗ್ ಇದೆಯಾ, ಪಕ್ಕದ ತಂಡದ ವಿಳಾಸ ಸಿಗುತ್ತದಾ, ಮೆಟಾಡೇಟಾ ವಿಳಾಸ ಉತ್ತರ ಕೊಡುತ್ತದಾ, ಹೊರಗಿನ ಇಂಟರ್ನೆಟ್ ತಲುಪುತ್ತದಾ, ಆ್ಯಪ್‌ನ ಯೂಸರ್ ಫ್ಲ್ಯಾಗ್ ಫೈಲ್ ಅಳಿಸಬಲ್ಲನಾ? ಅದು ಎಲ್ಲದರಲ್ಲೂ ಸೋಲಬೇಕು. ಟೆಂಪ್ಲೇಟ್‌ನಲ್ಲಿ ಒಂದು ಸಾಲು ಬದಲಾದರೂ ಎರಡನ್ನೂ ಓಡಿಸಿ. ಮೊದಲನೆಯದು ಸೋತರೆ ಪಾಠ ಕೆಟ್ಟಿದೆ. ಎರಡನೆಯದು ಗೆದ್ದರೆ ಲ್ಯಾಬ್ ಸೋರುತ್ತಿದೆ. ಕ್ಲಾಸ್ ನಡೆಯುವ ಯಂತ್ರದಲ್ಲೂ ಒಮ್ಮೆ ಓಡಿಸಬೇಕು. ನಿಮ್ಮ ಲ್ಯಾಪ್‌ಟಾಪ್ ಆರ್ಮ್ ಚಿಪ್‌ನದ್ದಾಗಿದ್ದು, ಲ್ಯಾಬ್ ಸರ್ವರ್ ಇಂಟೆಲ್ ಅಥವಾ ಎಎಂಡಿ ಆಗಿದ್ದರೆ ಬೈನರಿ ಪಾಠಗಳು ಪೂರ್ತಿ ಬೇರೆಯಾಗಿಬಿಡುತ್ತವೆ. ಟೆಂಪ್ಲೇಟ್‌ನಲ್ಲಿ ಪ್ಲಾಟ್‌ಫಾರ್ಮ್ ಯಾವುದು ಅಂತ ಬರೆದೇ ಇಡಿ.

ಕ್ಲಾಸ್ ಮುಗಿದ ಮೇಲೆ ಕಂಪೋಸ್‌ನ ಡೌನ್ ಕಮಾಂಡ್ ಕೊಟ್ಟರೆ ಕಂಟೇನರ್, ನೆಟ್‌ವರ್ಕ್ ಎರಡೂ ಹೋಗುತ್ತವೆ. ಹೆಸರಿಟ್ಟ ವಾಲ್ಯೂಮ್‌ಗಳು ಹೋಗುವುದಿಲ್ಲ, ಅದಕ್ಕೆ ಬೇರೆ ಆಯ್ಕೆಯನ್ನೇ ಕೊಡಬೇಕು. ಕೊಡದಿದ್ದರೆ ಮುಂದಿನ ಕ್ಲಾಸ್‌ನ ಮೂರನೇ ತಂಡಕ್ಕೆ ಹಿಂದಿನ ಕ್ಲಾಸ್‌ನ ಮೂರನೇ ತಂಡದ ಡೇಟಾಬೇಸ್ ಸಿಗುತ್ತದೆ. ಅವರು ಸೇರಿಸಿದ ಅಡ್ಮಿನ್ ಯೂಸರ್, ಬಿಟ್ಟುಹೋದ ಸ್ಕ್ರಿಪ್ಟ್ ಎಲ್ಲವೂ ಅದರಲ್ಲಿ ಇರುತ್ತವೆ. ಪ್ರತಿ ಕಂಟೇನರ್‌ಗೂ ತಂಡ, ಪಾಠ, ಮುಗಿಯುವ ಸಮಯ ಮೂರನ್ನೂ ಲೇಬಲ್ ಆಗಿ ಹಾಕಿಡಿ. ಸಮಯ ಮೀರಿದ್ದನ್ನು ವಾಲ್ಯೂಮ್ ಸಮೇತ ತೆಗೆಯುವ ಸಣ್ಣ ಸ್ಕ್ರಿಪ್ಟ್ ಒಂದನ್ನು ಗಂಟೆಗೊಮ್ಮೆ ಓಡಲು ಬಿಡಿ.